ದೊಡ್ಡಪ್ಪ ಗೆದ್ದ ಟೋಲ್ ಗೇಟು

ಟೋಲ್ ಗೇಟಿನಲ್ಲಿ ಜಗಳ ಆಡದಿದ್ದರೆ ನಮ್ಮ ದೊಡ್ಡಪ್ಪನಿಗೆ ಊಟ ರುಚಿಸುವುದಿಲ್ಲ ಗೆಳೆಯರೇ. ಇವತ್ತು ಯಲಹಂಕದಿಂದ ನನ್ನ ಕಾರಿನಲ್ಲಿ ಊರ ಕಡೆ ಹೊರಟಾಗಲೂ ಬೂತಿನ ಮುಂದೆ ಗಾಜು ಇಳಿಸಿಯೇಬಿಟ್ಟರು.

"ಈ ಗೇಟು ನಿಂತಿರೋದೇ ನಮ್ ರಾಗಿ ಒಲದ್ ಮೇಲೆ. ನಾನ್ಯಾಕ್ ಕಾಸು ಕೊಡ್ಲಿ?"

ಹಿಂದೆ ಲಾರಿಯವನ ಹಾರನ್ ನಿಲ್ಲುತ್ತಿಲ್ಲ. ನಾನು ಸ್ಟೀರಿಂಗಿಗೆ ಹಣೆ ಆನಿಸಿ ಕೂತೆ. ಬೂತಿನಲ್ಲಿದ್ದಾಕೆ ಮಾತ್ರ ನಗುತ್ತಾ ಒಂದು ರಿಜಿಸ್ಟರ್ ಚಾಚಿದಳು. "ಗೊತ್ತು ಯಜಮಾನ್ರೇ, ಲೋಕಲ್‌ನೋರಿಗೆ ಫ್ರೀ. ಸೈನ್ ಹಾಕಿ."

ದೊಡ್ಡಪ್ಪ ಎಂದಿನಂತೆ ಗೆದ್ದ ಗತ್ತಿನಲ್ಲಿ ದೊಡ್ಡದಾಗಿ ಸೈನ್ ಹಾಕಿದರು. ಈ ಪುಸ್ತಕ ಯಾತಕ್ಕೆ ಎಂದು ನಾನು ಸುಮ್ಮನಿರಲಾರದೆ ಕೇಳಿದೆ.

"ಫ್ರೀ ಬಿಟ್ಟಿದ್ದಕ್ಕೆಲ್ಲಾ ಸರ್ಕಾರ ನಮ್ ಕಂಟ್ರಾಕ್ಟರಿಗೆ ದುಡ್ಡು ಕೊಡುತ್ತೆ ಸಾರ್. ಬಿಲ್ ಜೊತೆ ಈ ಸೈನ್ ಕಳಿಸ್ಬೇಕು. ದಿನಕ್ಕೆ ನಾಲ್ಕ್ ಸಲ ಓಡಾಡಿ, ನಮಗೇನೂ ಬೇಜಾರಿಲ್ಲ."

ಗೇಟು ಎದ್ದಿತು. ದೊಡ್ಡಪ್ಪ ಗಾಜು ಏರಿಸಿದರು. ಆಮೇಲೆ, "ಸರ್ಕಾರದ್ ದುಡ್ಡು ಅಂದ್ರೆ ಯಾರ್ದೋ?" ಎಂದರು.

"ನಮ್ದೇ ದೊಡ್ಡಪ್ಪ."

ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು. ಹೋದ ವಾರ ಕಾರಿನ ಗಾಜಿಗೆ ಹೊಸ ಫಾಸ್ಟ್ಯಾಗ್ ಅಂಟಿಸಿದ್ದೆ. ಅವರು ಜಗಳ ಆಡುತ್ತಿದ್ದಾಗ ಗೇಟಿನ ಮೇಲಿದ್ದ ಯಂತ್ರ ಅದನ್ನು ಓದಿ, ನನ್ನ ಖಾತೆಯಿಂದಲೂ ಟೋಲ್ ಕಿತ್ತುಕೊಂಡಿತ್ತು.

ದೊಡ್ಡಪ್ಪನಿಗೆ ಹೇಳಲಿಲ್ಲ. ಸಂಜೆ ವಾಪಸ್ ಬರುವಾಗಲೂ ಅದೇ ಗೇಟು ದಾಟಬೇಕಲ್ಲ.