ಎರಡು ಇಂಟು

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕಾಲಿಗೆ ಮಾಲೀಶು ಮಾಡುವವನನ್ನು ಎಲ್ಲರೂ ಎಣ್ಣೆಯಣ್ಣ ಎಂದೇ ಕರೆಯುತ್ತಿದ್ದರು. ಕರ್ಪೂರ ಹಾಕಿದ ಎಣ್ಣೆಯ ವಾಸನೆ ಮೊದಲು ಬರುತ್ತಿತ್ತು, ಆಮೇಲೆ ಅವನು ಬರುತ್ತಿದ್ದ. ನಾನು ಅದೇ ಕ್ಲಬ್ಬಿನಲ್ಲಿ ಜರ್ಸಿ ಒಗೆಯುವವಳು. ನನ್ನ ಕೋಣೆಗೂ ಅವನ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಹದಿನಾರು ವರ್ಷ ಅವನ ಗೊಣಗಾಟ ಕೇಳಿದವಳಿಗೆ ಅವನ ಬಗ್ಗೆ ಬರೆಯುವ ಹಕ್ಕಿದೆ ಎಂದುಕೊಂಡಿದ್ದೇನೆ. ಅವನು ಮಾಡಿದ ತಪ್ಪಿನಲ್ಲಿ ನನಗೂ ಪಾಲಿದೆ, ಅದನ್ನು ಮುಚ್ಚಿಡುವುದಿಲ್ಲ.

ಅವನು ಕಾಲನ್ನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ಆಟಗಾರ ಮೇಜಿನ ಮೇಲೆ ಬೋರಲು ಮಲಗಿದರೆ ಇವನು ಎದುರಿನ ಗೋಡೆ ನೋಡುತ್ತ ಹೆಬ್ಬೆರಳಿನಿಂದ ಮೀನಖಂಡ ಒತ್ತುತ್ತಿದ್ದ. ನಿನ್ನೆ ಸರಿಯಾಗಿ ನಿದ್ದೆ ಮಾಡಿಲ್ಲ, ಹೊಸ ಬೂಟು ಕಚ್ಚುತ್ತಿದೆ, ಎಡಗಾಲಿಗೆ ಭಾರ ಕೊಡೋಕೆ ಹೆದರುತ್ತಿದ್ದೀಯ, ಹೀಗೆ ಒಂದೊಂದೇ ಹೇಳುತ್ತಿದ್ದ. ಕೋಚ್‌ಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರೂ ಆ ಮೇಜಿನ ಮೇಲೆ ಸಿಕ್ಕಿಬೀಳುತ್ತಿದ್ದರು. ಅವನಿಗೆ ಓದು ತಲೆಗೆ ಹತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಎಂದರೆ ಜರ್ಸಿಯ ಅಳತೆ ಹೇಳುವ ಎಸ್, ಎಂ, ಎಲ್ ಅಷ್ಟೇ.

ಅವನ ಪ್ರಪಂಚವೆಲ್ಲ ಅವನ ತಮ್ಮ. ಅಮ್ಮ ತೀರಿಕೊಂಡಾಗ ತಮ್ಮನಿಗೆ ನಾಲ್ಕು ವರ್ಷ, ಇವನಿಗೆ ಇಪ್ಪತ್ತೆರಡು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಮದುವೆಯ ಮಾತೆತ್ತಿದರೆ, ನನಗೆ ಆಗಲೇ ಇಷ್ಟೆತ್ತರದ ಮಗ ಇದ್ದಾನೆ, ನನ್ನನ್ಯಾರು ಒಪ್ಕೋತಾರೆ ಎಂದು ನಗಿಸಿ ತಪ್ಪಿಸಿಕೊಳ್ಳುತ್ತಿದ್ದ. ಆ ತಮ್ಮ ಬೆಳೆದು ನಮ್ಮ ತಂಡದ ಹನ್ನೊಂದನೇ ನಂಬರ್ ಆದ. ಎಡಗಡೆಯ ಗೆರೆಗುಂಟ ಚೆಂಡು ಹಿಡಿದು ಓಡಿದರೆ ನಾನು ಒಗೆಯುವುದನ್ನು ಬಿಟ್ಟು ಸೋಪಿನ ಕೈಯಲ್ಲೇ ಹೊರಗೆ ಬಂದು ನಿಲ್ಲುತ್ತಿದ್ದೆ. ಆದರೆ ಆ ವರ್ಷ ಅವನ ತೊಡೆಯ ಹಿಂದಿನ ಸ್ನಾಯು ಎರಡು ಸಲ ಹರಿದಿತ್ತು. ಎರಡು ಸಲವೂ ಅಣ್ಣನೇ ತಿಕ್ಕಿ, ಕಟ್ಟು ಕಟ್ಟಿ, ಮಗುವಿಗೆ ನಡೆಯಲು ಕಲಿಸುವ ಹಾಗೆ ಮತ್ತೆ ಓಡಿಸಿದ್ದ.

ಅದೇ ಸಮಯಕ್ಕೆ ದೊಡ್ಡ ಕ್ಲಬ್ಬಿನಿಂದ ಆಯ್ಕೆಯ ಕರೆ ಬಂತು. ನಮ್ಮಲ್ಲಿಂದ ಹೋಗಬೇಕಾದವರು ಇಬ್ಬರು, ತಮ್ಮ ಮತ್ತು ನಾಲ್ಕನೇ ನಂಬರಿನ ಒಬ್ಬ ಬಾಯಿಬಡಕ. ಇಪ್ಪತ್ತೊಂದು ತುಂಬಿದವರನ್ನು ಅಲ್ಲಿ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ತಮ್ಮನಿಗೆ ಇಪ್ಪತ್ತೊಂದಾಗಲು ಇನ್ನು ಮೂರೇ ತಿಂಗಳಿತ್ತು. ಈ ಸಲ ಬಿಟ್ಟರೆ ಮತ್ತೆ ಇಲ್ಲ.

ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಆ ಸಲ ಹೊಸದೊಂದು ಪರೀಕ್ಷೆ ತಂದಿದ್ದರು. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಗೆ ಸವರಿ ಲ್ಯಾಬಿಗೆ ಕಳಿಸುವುದು. ಹುಟ್ಟಿನಿಂದಲೇ ಒಬ್ಬೊಬ್ಬರ ಸ್ನಾಯು ಒಂದೊಂದು ಥರ ಇರುತ್ತದೆ, ಯಾರಿಗೆ ಎಷ್ಟು ವಿಶ್ರಾಂತಿ ಬೇಕು ಎಂದು ನೋಡಲು ಇದು ಸ್ವಲ್ಪ ನೆರವಾದೀತು ಎಂದಿದ್ದರು. ಹುಡುಗರು ಬಾಯಿ ತೆರೆಯಲು ನಾಚಿಕೊಂಡದ್ದರಿಂದ ಕಡ್ಡಿ ಆಡಿಸುವ ಕೆಲಸ ಎಣ್ಣೆಯಣ್ಣನ ಪಾಲಿಗೆ ಬಂತು. ಅವನು ಅದನ್ನು ಬಹಳ ಗತ್ತಿನಿಂದ ಮಾಡಿದ.

ಎರಡು ವಾರಕ್ಕೆ ಲ್ಯಾಬಿನಿಂದ ಹಾಳೆ ಬಂತು. ಡಾಕ್ಟರಮ್ಮನ ಕೈ ಸೇರಬೇಕಾದದ್ದನ್ನು ಆಫೀಸಿನ ಗುಮಾಸ್ತ ಎಂದಿನಂತೆ ನೋಟಿಸ್ ಬೋರ್ಡಿಗೆ ಚುಚ್ಚಿದ. ಒಂದು ಕಡೆ ಜರ್ಸಿ ನಂಬರ್, ಇನ್ನೊಂದು ಕಡೆ ಎರಡೆರಡು ಗುರುತು. ಕೆಲವರ ಮುಂದೆ ಆರ್ ಆರ್, ಕೆಲವರ ಮುಂದೆ ಆರ್ ಎಕ್ಸ್. ನಾಲ್ಕು ಮತ್ತು ಹನ್ನೊಂದರ ಮುಂದೆ ಮಾತ್ರ ಎಕ್ಸ್ ಎಕ್ಸ್.

ಎಣ್ಣೆಯಣ್ಣ ನನ್ನನ್ನು ಕರೆದು, ಏನು ಬರೆದಿದೆ ಓದು ಎಂದ. ನಾನು ಏಳನೇ ಕ್ಲಾಸು ಓದಿದವಳು, ಆ ಜಂಬ ಸ್ವಲ್ಪ ಇತ್ತು. ಶಾಲೆಯಲ್ಲಿ ಸರಿ ಉತ್ತರಕ್ಕೆ ರೈಟ್, ತಪ್ಪಿಗೆ ಇಂಟು ಹಾಕುತ್ತಿರಲಿಲ್ಲವೇ? ಆರ್ ಅಂದ್ರೆ ರೈಟು, ಇದು ಇಂಟು, ತಮ್ಮನಿಗೆ ಎರಡೂ ಇಂಟು ಬಿದ್ದಿದೆ ಎಂದೆ. ಗುಮಾಸ್ತನೂ ಹೌದೆಂದು ತಲೆಯಾಡಿಸಿದ. ಎಣ್ಣೆಯಣ್ಣ ಆ ಹಾಳೆಯ ಮುಂದೆ ಎಷ್ಟು ಹೊತ್ತು ನಿಂತನೋ. ಎರಡು ಸಲ ಹರಿದಿದೆ, ಎರಡು ಇಂಟು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ಲೆಕ್ಕ ಅವನಿಗೆ ತಾಳೆಯಾಗಿಬಿಟ್ಟಿತು.

ಆಯ್ಕೆಗೆ ಉಳಿದದ್ದು ಆರು ದಿನ. ಡಾಕ್ಟರಮ್ಮ ಬರಲು ಎರಡು ವಾರ ಇತ್ತು. ಅವರಿಗೊಂದು ಫೋನು ಮಾಡು ಎನ್ನುವಷ್ಟು ಬುದ್ಧಿ ನನಗೂ ಹೊಳೆಯಲಿಲ್ಲ. ಹಿಂದೊಮ್ಮೆ ಮೈದಾನದ ನಡುವೆ ಮಂಡಿ ಮುರಿದುಕೊಂಡು ಬಿದ್ದ ಒಬ್ಬನನ್ನು ಎಣ್ಣೆಯಣ್ಣನೇ ಎತ್ತಿ ತಂದಿದ್ದ. ಅವನು ಈಗಲೂ ಕೋಲು ಹಿಡಿದೇ ನಡೆಯುತ್ತಾನೆ. ಅದು ಇವನ ತಲೆಯಲ್ಲಿ ಕೂತಿತ್ತು. ಮರುದಿನವೇ ಬೆನ್ನುನೋವಿಗೆ ಬರುತ್ತಿದ್ದ ಐಸ್ ಫ್ಯಾಕ್ಟರಿಯ ಮೇಸ್ತ್ರಿಯ ಕೈಕಾಲು ಹಿಡಿದು ತಮ್ಮನಿಗೆ ಕೆಲಸ ಕೇಳಿದ. ಹಲಗೆಯ ಆಚೆ ಅಣ್ಣತಮ್ಮಂದಿರ ಮಾತು ನನಗೆ ಕೇಳಿಸಿತು. ತಮ್ಮ ಬೇಡಿಕೊಂಡ, ಸಿಟ್ಟು ಮಾಡಿದ. ಕೊನೆಗೆ ಅಣ್ಣ ಒಂದೇ ಮಾತು ಹೇಳಿದ.

"ನಿನ್ನ ಕಾಲು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋಗ್ಬೇಡ."

ಆ ಮಾತಿನ ಮುಂದೆ ತಮ್ಮ ಸೋತ. ಸೋಮವಾರ ಕೆಲಸಕ್ಕೆ ಸೇರಿದ. ಕೊಕ್ಕೆ ಹಾಕಿ ಮಂಜುಗಡ್ಡೆಯ ದಿಮ್ಮಿಗಳನ್ನು ಎಳೆದು ಲಾರಿಗೆ ಏರಿಸುವ ಕೆಲಸ. ಇಡೀ ದಿನ ಕಾಲು ತಣ್ಣೀರಿನಲ್ಲಿ.

ನಾಲ್ಕನೇ ನಂಬರಿನವನು ಮಾತ್ರ, ಸ್ಕೂಲಲ್ಲೂ ನಂಗೆ ಬರೀ ಇಂಟೇ ಬೀಳ್ತಿತ್ತು, ಇದೇನು ಹೊಸದಾ ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದ. ಅವನು ಆಯ್ಕೆಯಾದ.

ಡಾಕ್ಟರಮ್ಮ ಬಂದಾಗ ಹಾಳೆ ಬೋರ್ಡಿನಲ್ಲೇ ಇತ್ತು. ಅವರು ಅದನ್ನು ಕಿತ್ತು ಗುಮಾಸ್ತನಿಗೆ ಚೆನ್ನಾಗಿ ಬೈದರು. ಎಣ್ಣೆಯಣ್ಣ ಮೆಲ್ಲಗೆ, ಎರಡು ಇಂಟು ಬಿದ್ದವನು ಹೇಗೆ ಆಯ್ಕೆಯಾದ ಎಂದು ಕೇಳಿದ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ.

"ಅದು ಇಂಟು ಅಲ್ಲ ಎಣ್ಣೆಯಣ್ಣ, ಎಕ್ಸ್. ಬರೀ ಅಕ್ಷರ. ತಪ್ಪು ಅಂತ ಅಲ್ಲ."

ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅಮ್ಮನಿಂದ ಒಂದು ಅಕ್ಷರ, ಅಪ್ಪನಿಂದ ಒಂದು. ಎರಡೂ ಎಕ್ಸ್ ಇದ್ದವರ ವೇಗದ ಸ್ನಾಯುವಿನಲ್ಲಿ ಒಂದು ಬಗೆಯ ಪ್ರೋಟೀನ್ ಇರುವುದಿಲ್ಲ. ಐದಾರು ಜನರಲ್ಲಿ ಒಬ್ಬರು ಹೀಗೇ ಇರುತ್ತಾರೆ, ಗಟ್ಟಿಯಾಗಿ ಬದುಕುತ್ತಾರೆ, ಆಡುತ್ತಾರೆ. ಸಾವಿರಾರು ಜನರನ್ನು ಒಟ್ಟಿಗೆ ಅಳೆದರೆ ಜಿಗಿತದಲ್ಲಿ, ಓಟದಲ್ಲಿ ಒಂದು ಚೂರು ವ್ಯತ್ಯಾಸ ಕಾಣಬಹುದು. ಒಬ್ಬನನ್ನು ಮುಂದೆ ನಿಲ್ಲಿಸಿಕೊಂಡು ಇವನು ಆಡುತ್ತಾನೆ, ಇವನು ಆಡುವುದಿಲ್ಲ ಎಂದು ಆ ಅಕ್ಷರ ನೋಡಿ ಯಾರೂ ಹೇಳಲಾರರು. ಎಣ್ಣೆಯಣ್ಣ ಎಲ್ಲದಕ್ಕೂ ಹೂಂಗುಟ್ಟಿದ. ಅವನ ಮುಖ ನೋಡಲಾಗದೆ ನಾನು ಒದ್ದೆ ಬಟ್ಟೆಯ ರಾಶಿಯ ಕಡೆ ತಿರುಗಿಕೊಂಡೆ. ನನ್ನ ಏಳನೇ ಕ್ಲಾಸಿಗೆ ಬೆಂಕಿ ಬೀಳಲಿ ಎನಿಸಿತು.

ತಮ್ಮನಿಗೆ ಹೇಳದೆ ಇದ್ದುಬಿಡಬಹುದಿತ್ತು. ಅವನಿಗೆ ಹೇಗೂ ಇನ್ನು ಅವಕಾಶ ಇರಲಿಲ್ಲ. ಒಂದು ವಾರ ಎಣ್ಣೆಯಣ್ಣ ಊಟ ಬಿಟ್ಟು ಒದ್ದಾಡಿದ. ಭಾನುವಾರ ಮಧ್ಯಾಹ್ನ ನನ್ನ ಮನೆಗೆ ಬಂದು, "ಅಕ್ಕ, ನೀನೂ ಬಾ, ಒಬ್ಬನೇ ಹೇಳೋಕೆ ಆಗಲ್ಲ" ಎಂದ. ಹೋದೆ. ಹೋಗಲೇಬೇಕಿತ್ತು.

ತಮ್ಮ ಮಂಚದ ಅಂಚಿನಲ್ಲಿ ಕೂತು ಕೇಳಿಸಿಕೊಂಡ. ಓದಿದ್ದು ನಾನು, ತಪ್ಪು ನನ್ನದು ಎಂದೆ. ಅವನು ನನ್ನ ಕಡೆ ನೋಡಲೂ ಇಲ್ಲ.

"ಹತ್ತು ವರ್ಷದಿಂದ ನನ್ನ ಕಾಲು ತಿಕ್ಕಿದ್ದೀಯಲ್ಲ, ಕೈಗೆ ಏನನಿಸ್ತಿತ್ತು?"

"ಗಟ್ಟಿಯಾಗಿದೆ ಅನಿಸ್ತಿತ್ತು."

"ಮತ್ತೆ?"

"ಹೆದರಿಕೆ ಆಯ್ತು ಕಣೋ."

"ಹೆದರಿದ್ದು ನೀನು. ಆಟ ಹೋಗಿದ್ದು ನಂದು."

ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಏಳಲು ಹೋದವನ ಮೀನಖಂಡ ಹಿಡಿದುಕೊಂಡಿತು; ತಣ್ಣೀರಿನ ಕೆಲಸಕ್ಕೆ ಸೇರಿದಾಗಿನಿಂದ ಹಾಗಾಗುತ್ತಿತ್ತಂತೆ. ಹಲ್ಲು ಕಚ್ಚಿ ಮಂಚದ ಕಂಬ ಹಿಡಿದ. ಎಣ್ಣೆಯಣ್ಣ ಯೋಚನೆಯೇ ಮಾಡದೆ ನೆಲಕ್ಕೆ ಕುಳಿತು ಆ ಕಾಲಿಗೆ ಕೈ ಚಾಚಿದ. ತಮ್ಮ ಕಾಲು ಹಿಂದಕ್ಕೆಳೆದುಕೊಂಡ.

"ಬೇಡ. ನಾನೇ ತಿಕ್ಕೋತೀನಿ."

ಕುಂಟುತ್ತ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾವಿಬ್ಬರೂ ಹೊರಗೆ ಕೂತೆವು. ಒಳಗಿನಿಂದ ಅಂಗೈ ಚರ್ಮಕ್ಕೆ ಉಜ್ಜುವ ಸದ್ದು ಕೇಳುತ್ತಿತ್ತು, ನಡುನಡುವೆ ನೋವಿಗೆ ಉಸಿರು ಹಿಡಿಯುವುದು. ಎಣ್ಣೆಯಣ್ಣ ತಲೆ ಓರೆ ಮಾಡಿ ಆಲಿಸಿದ. ಮೇಲಿನಿಂದ ಕೆಳಕ್ಕೆ ಉಜ್ಜುತ್ತಿದ್ದಾನೆ, ಕೆಳಗಿನಿಂದ ಮೇಲಕ್ಕೆ ಹೋಗಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದ. ಅವನಿಗೆ ಹೇಳು ಎಂದೆ. ಅವನು ಬಾಗಿಲಿನವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹೇಳದೆ ವಾಪಸು ಬಂದು ಕೂತ.