ಅರಿಶಿನದ ನೀರಲ್ಲಿ ತೊಳೆದ ಬೇರು

ಯುಟ್ರೆಕ್ಟ್ ಸ್ಟೇಷನ್ನಿನಲ್ಲಿ ರೈಲು ಇನ್ನೂ ಹೊರಟಿಲ್ಲ. ಪಕ್ಕದಲ್ಲಿ ಕೂತಿರುವ ಅಕ್ಕನ ಮುಖ ನೋಡಲೂ ಮನಸ್ಸಿಲ್ಲದೆ ಇದನ್ನು ಗೀಚುತ್ತಿದ್ದೇನೆ.

ಅಕ್ಕನ ಮಗಳು ಸ್ಮಿತಾ ಈ ಪರದೇಶದ ಊರಿನಲ್ಲಿ ಗಿಡಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಬೇರು ಬೆಳೆಯುವುದನ್ನು ಭಾನುವಾರವೂ ಫೋಟೋ ತೆಗೆಯಬೇಕೆಂದು ಒಂದು ಗಾಜಿನ ಪೆಟ್ಟಿಗೆಯನ್ನು ಮನೆಗೆ ತಂದಿದ್ದಳು. ಅದರೊಳಗೆ ಗೇಣುದ್ದದ ಪೈನ್ ಸಸಿ, ಬೇರಿನ ತುಂಬಾ ಬಿಳಿ ಎಳೆಗಳು.

"ಅದು ಶಿಲೀಂಧ್ರ, ಚಿಕ್ಕಮ್ಮ. ಬೇರಿಗೆ ಎಟುಕದ ಕಡೆಯಿಂದ ನೀರು ತಂದುಕೊಡುತ್ತೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ," ಎಂದು ನಿನ್ನೆ ತೋರಿಸಿದ್ದಳು. ಕೂದಲಿಗಿಂತ ತೆಳುವಾದ ಆ ಎಳೆಗಳು ಬೇರನ್ನೂ ದಾಟಿ ಗಾಜಿನ ಮೂಲೆಯವರೆಗೆ ಹೋಗಿದ್ದವು.

ಇವತ್ತು ಬೆಳಿಗ್ಗೆ ಸ್ಮಿತಾ ಸ್ನಾನಕ್ಕೆ ಹೋದಾಗ ಅಕ್ಕ ಆ ಸಸಿಯನ್ನು ಕಿತ್ತು, ಅರಿಶಿನ ಕಲಸಿದ ನೀರಲ್ಲಿ ಬೇರನ್ನು ಉಜ್ಜಿ ಉಜ್ಜಿ ತೊಳೆದಿಟ್ಟಳು.

"ಬೂಷ್ಟು ಹಿಡಿದಿತ್ತು ಕಣೇ. ಈಗ ನೋಡು, ಎಷ್ಟು ಚೆನ್ನಾಗಿದೆ!"

"ಎಂಟು ತಿಂಗಳ ಕೆಲಸ ಅಮ್ಮಾ..." ಸ್ಮಿತಾ ನೆಲದ ಮೇಲೇ ಕೂತುಬಿಟ್ಟಳು.

"ಬಂದಾಗಿನಿಂದ ನೀನು ಅವಳ ಕಪಾಟು ಜೋಡಿಸ್ದೆ, ಫ್ರಿಜ್ ತೊಳೆದೆ, ಒಂದ್ಸಲನಾದ್ರೂ ಅವಳನ್ನ ಕೇಳಿದ್ಯಾ?" ಎಂದು ನಾನು ಅಕ್ಕನ ಮೇಲೆ ಕಿರುಚಿದೆ.

"ಶುಚಿ ಮಾಡಿದ್ದೂ ತಪ್ಪಾ?" ಎಂದ ಅಕ್ಕ ಒದ್ದೆ ಕೈಯಲ್ಲೇ ಮಗಳನ್ನು ತಬ್ಬಿಕೊಂಡಳು.

ಈಗ ಕಿಟಕಿಯಾಚೆ ಸ್ಮಿತಾ ಕೈ ಬೀಸಿ, ತಿರುಗಿ ಹೊರಟಳು. ಬಿಳಿ ಅಂಗಿಯ ಬೆನ್ನ ಮೇಲೆ ಐದು ಹಳದಿ ಬೆರಳುಗಳ ಗುರುತು. ಅವಳಿಗೆ ಗೊತ್ತೇ ಇಲ್ಲ. ನಾನೂ ಬಾಯಿ ಬಿಡಲಿಲ್ಲ. ಅಕ್ಕನ ಕಣ್ಣಿಗೆ ಬಿದ್ದರೆ ರೈಲಿಳಿದು ಅದನ್ನೂ ತೊಳೆಯಲು ಹೊರಡುತ್ತಾಳೆ.