ನೆತ್ತಿಯ ಎಣ್ಣೆ ಮತ್ತು ಕೊನೆಯ ತಂಡದ ಇಲಿಗಳು

ಆ ವರ್ಷ ನಮ್ಮ ಮನೆಗೆ ಊದುಬತ್ತಿ, ಮಲ್ಲಿಗೆ, ಪರಿಮಳದ ಸೋಪು ಯಾವುದೂ ಬರುವಂತಿರಲಿಲ್ಲ. ನನ್ನ ಗಂಡನ ಸಂಶೋಧನೆ ವಾಸನೆಯ ಮೇಲೆ. ತಾಯಿ ಇಲಿ ಗೂಡಿನಿಂದ ದೂರ ಬಿದ್ದ ಮರಿಯನ್ನು ಮೂಸಿ ಗುರುತಿಸಿ, ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ತರುತ್ತದೆ. ಮಿದುಳಿನಲ್ಲಿ ಒಂದು ಹಾರ್ಮೋನಿನ ಕೆಲಸವನ್ನು ತಡೆದರೆ ಆಗಲೂ ತರುತ್ತದೆಯೇ ಎಂಬುದು ಇವರ ಪ್ರಶ್ನೆ. ಅದಕ್ಕೆ ಇಲಿಯ ಬಳಿ ಹೋಗುವವರ ಮೈವಾಸನೆ ದಿನವೂ ಒಂದೇ ಆಗಿರಬೇಕು. ಬದಲಾದರೆ ಇಲಿ ಅಳುಕುತ್ತದೆ. ಅಳುಕಿದ್ದು ಹಾರ್ಮೋನಿನಿಂದಲೋ ವಾಸನೆಯಿಂದಲೋ ಹೇಳಲಾಗುವುದಿಲ್ಲ. ಒಗ್ಗರಣೆ ಹಾಕುವ ಮುನ್ನ ನಾನು ಇವರ ಕೋಟನ್ನು ಕಾರಿನಲ್ಲಿಟ್ಟು ಬರುತ್ತಿದ್ದೆ.

ವಾಲ್ ಸ್ಟ್ರೀಟಿನ ಬ್ಯಾಂಕುಗಳು ಕುಸಿದ ಸಮಯ ಅದು. ವೆಸ್ಟ್ ವಿಂಡ್ಸರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಬೆಳಿಗ್ಗೆ ಆ ಬ್ಯಾಂಕುಗಳ ಕೆಲಸಕ್ಕೆ ರೈಲು ಹಿಡಿಯಲು ಓಡುತ್ತಿದ್ದ ನೆರೆಯವರು ಈಗ ನಡುಹಗಲಿನಲ್ಲಿ ಕಸ ಹಾಕಲು ಇಳಿಯುತ್ತಿದ್ದರು. ಲ್ಯಾಬಿನಲ್ಲೂ ಹೊಸ ಇಲಿಗಳ ಖರೀದಿ ನಿಂತಿತ್ತು. ಉಳಿದದ್ದು ಕೊನೆಯ ಒಂದು ತಂಡ. ಅದರ ಫಲಿತಾಂಶ ಸಿಕ್ಕರೆ ಇವರ ಕೆಲಸ ಮುಂದುವರಿಸಲು ವಿಶ್ವವಿದ್ಯಾಲಯದವರನ್ನು ಕೇಳುತ್ತೇನೆ ಎಂದು ಪ್ರೊಫೆಸರ್ ಹೇಳಿದ್ದರು. ಕೆಲಸ ಹೋದರೆ ವೀಸಾವೂ ಹೋಗುತ್ತಿತ್ತು. ಮರಿಗಳು ಕಣ್ಣು ಬಿಟ್ಟು ತಾವೇ ಓಡಾಡುವ ಮೊದಲೇ ಪರೀಕ್ಷೆ ಮುಗಿಯಬೇಕಿತ್ತು. ಪರೀಕ್ಷೆಯ ದಿನ ನರಕ ಚತುರ್ದಶಿಗೆ ಬಿತ್ತು.

ಧಾರವಾಡದಿಂದ ಬಂದಿದ್ದ ಅತ್ತೆ ಊದುಬತ್ತಿ ಇಲ್ಲದ ಪೂಜೆಗೂ ಒಪ್ಪಿಕೊಂಡಿದ್ದರು. ಎಣ್ಣೆಯ ಮಾತನ್ನು ಮಾತ್ರ ನಾವು ಯಾರೂ ಎತ್ತಿರಲಿಲ್ಲ. ಬೆಳಿಗ್ಗೆ ಇವರು ಶೂ ಕಟ್ಟಲು ಬಗ್ಗಿದಾಗ ಅತ್ತೆ ಹಿಂದಿನಿಂದ ಬಂದು, ಊರಿನಿಂದ ತಂದ ಮೆಂತ್ಯ ಹಾಕಿ ಕಾಯಿಸಿದ ಎಣ್ಣೆಯನ್ನು ನೆತ್ತಿಗೆ ಒತ್ತಿಬಿಟ್ಟರು.

"ಅವ್ವಾ, ಏನ್ ಮಾಡಿದಿ?"

"ಶಾಸ್ತ್ರಕ್ಕ ಮೂರು ಹನಿ ಹಚ್ಚೀನಪಾ. ಹಬ್ಬದ ದಿನ ಒಣಾ ತಲಿ ಹೊತ್ಕೊಂಡು ಹೊಂಟಿದ್ದಿ."

"ವಾಸನಿ ಬ್ಯಾಡ ಅಂತ ಹೇಳಿದ್ದೆ."

"ಎಣ್ಣಿ ಏನು ಸೆಂಟೇನು? ನಿನ್ನ ಇಲಿ ಭಾಳ ಸಾಹುಕಾರ ಮನ್ಯಾವ ಬಿಡು."

ಇವರು ಶೂ ಬಿಚ್ಚಿ ಬಚ್ಚಲಿಗೆ ಹೋದರು. ವಾಸನೆಯಿಲ್ಲದ ಸೋಪಿನಿಂದ ಮತ್ತೆ ಮತ್ತೆ ತಲೆ ತೊಳೆದು ಬಂದು ನನ್ನೆದುರು ಬಗ್ಗಿದರು.

"ಮೂಸಿ ನೋಡು."

"ನಂಗೇನೂ ಗೊತ್ತಾಗ್ತಿಲ್ಲ."

"ಅವಕ್ಕ ಗೊತ್ತಾಗ್ತದ."

ಕಾರು ನಾನೇ ಡ್ರೈವ್ ಮಾಡಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದೆ, "ಪೋಸ್ಟ್‌ಪೋನ್ ಮಾಡೋಕಾಗಲ್ವಾ?"

"ನಾಳೆ ಮರಿ ಕಣ್ಣು ಬಿಡ್ತಾವ."

"ಬೇರೆ ಯಾರಾದ್ರೂ ಮಾಡಿದ್ರೆ?"

"ಅವರ ವಾಸನಿ ಇನ್ನೂ ಹೊಸಾದು."

"ಎಣ್ಣೆ ವಿಷಯ ಪ್ರೊಫೆಸರಿಗೆ ಹೇಳದೇ ಇದ್ರೆ?"

ಇವರು ಕಿಟಕಿಯ ಕಡೆ ನೋಡಿದರು. "ಪೇಪರ್ ಆಫೀಸಿನ್ಯಾಗ ಖರೇ ಸುದ್ದಿ ಹುಡುಕ್ತಿದ್ದಾಕಿ ನೀನು. ನೀನ ಹಿಂಗ ಕೇಳ್ತೀ."

ಸಿಗ್ನಲ್ ಹಸಿರಾಯಿತು, ನಾನು ಲ್ಯಾಬಿನ ಕಡೆಗೆ ಕಾರು ಬಿಟ್ಟೆ.

ಹಾರ್ಮೋನು ತಡೆಯದ ತಾಯಿಗಳನ್ನು ಮೊದಲು ನೋಡುತ್ತೇನೆ, ಅವು ಎಂದಿನಂತೆ ಮರಿ ಎತ್ತಿಕೊಂಡರೆ ಎಣ್ಣೆಯಿಂದ ತೊಂದರೆಯಿಲ್ಲ ಎಂದು ಹೇಳಿ ಒಳಗೆ ಹೋದರು. ನಾನು ಪಾರ್ಕಿಂಗ್ ಲಾಟಿನಲ್ಲಿ ಕಾದೆ. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಿದ್ದೆ. ಬರುತ್ತಿದ್ದವರು ವಿದ್ಯಾರ್ಥಿಗಳು. ಒಮ್ಮೆ ಒಬ್ಬರ ಕೋಟು ನೋಡಿ ಇವರೇ ಎಂದುಕೊಂಡು ಕಾರು ಸ್ಟಾರ್ಟ್ ಮಾಡಿದ್ದೆ. ಕೊನೆಗೆ ಇವರು ಬಂದಾಗ ಕೋಟು ಹಾಕಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಚಳಿಯಲ್ಲಿ ನಿಧಾನವಾಗಿ ನಡೆದು ಬಂದರು.

"ಎತ್ಕೊಂಡ್ವಾ?"

"ಎತ್ಕೊಂಡ್ವು. ಆದ್ರ ಮೊದಲ ನನ್ನ ಕಡೆ ಮೂಗು ಎತ್ತಿ ನಿಂತ್ವು. ಮರಿ ಒದರ್ಲಿಕ್ಕತ್ತಿದ್ರೂ."

ಎಣ್ಣೆಯ ವಿಷಯವನ್ನು ಪ್ರೊಫೆಸರಿಗೆ ಹೇಳಿ ಬಂದಿದ್ದರು. ಅವರು ಬೈಯಲಿಲ್ಲವಂತೆ. ಈ ದಿನದ ಫಲಿತಾಂಶ ಬಿಟ್ಟುಬಿಡು ಎಂದಷ್ಟೇ ಹೇಳಿದರಂತೆ. ಅದನ್ನು ಬಿಟ್ಟರೆ, ಇವರ ಕೆಲಸ ಮುಂದುವರಿಸಿ ಎಂದು ಕೇಳಲು ಪ್ರೊಫೆಸರ ಕೈಯಲ್ಲಿ ಏನೂ ಇರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ನಾವು ಮನೆ ಖಾಲಿ ಮಾಡಬೇಕಾಯಿತು.

ಆ ದಿನ ಮನೆಗೆ ಬಂದಾಗ ಅತ್ತೆ ಕರ್ಚಿಕಾಯಿ ಕರಿಯುತ್ತಿದ್ದರು.

"ಏನಂದ್ವು ನಿನ್ನ ಇಲಿ?"

"ಏನಂತಾವ? ಮರೀನ ಎತ್ಕೊಂಡ್ವು."

"ಎಣ್ಣಿ ಹಚ್ಚಿದ್ರೂ?"

"ಹಚ್ಚಿದ್ರೂ. ಸ್ವಲ್ಪ ತಡಾ ಆತು, ಅಷ್ಟ."

"ನಾ ಹೇಳಲಿಲ್ಲೇನು," ಎಂದು ಅತ್ತೆ ಒಲೆ ಸಣ್ಣ ಮಾಡಿ ಮಗನ ತಲೆ ಮುಟ್ಟಿ ನೋಡಿದರು. "ಎಷ್ಟು ತಿಕ್ಕೀಯೋ. ಹಂಚಿನಂಗ ಒಣಗೇದ."

ಇವರು ಬಚ್ಚಲಿನ ಕಪಾಟಿನಿಂದ ಎಣ್ಣೆ ಬಾಟಲಿ ತಂದು ಅವರ ಕೈಗೆ ಕೊಟ್ಟು, ಅಡುಗೆಮನೆಯ ನೆಲದ ಮೇಲೆ ಕೂತರು.

"ಈಗ ಹಚ್ಚು ಅವ್ವಾ. ಪೂರಾ ಹಚ್ಚು."